ಮೇಷ್ಟ್ರ ಮೇಲಿನ ಆರೋಪಪಟ್ಟಿ

ಮಾರ್ಚ್ 3, ಸೋಮವಾರ

ಪ್ರೀತಿಯ ತಂಗಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮೇಷ್ಟ್ರು ಮಾತ್ರ ಕ್ಷೇಮವಾಗಿದ್ದಾರೆ. ತೊಂದರೆ ಇರುವುದೇ ಅದರಲ್ಲಿ.

ಎಂಟು ತಿಂಗಳ ಹಿಂದೆ ನೀನು ಆ ವಸ್ತುಸಂಗ್ರಹಾಲಯದಲ್ಲಿ ಸತ್ತ ಹಕ್ಕಿಗಳ ಹೊಟ್ಟೆಗೆ ಹತ್ತಿ ತುಂಬುವ ಕೆಲಸಕ್ಕೆಂದು ಹೊರಟು ನಿಂತಾಗ, ಹಾಸ್ಟೆಲಿನಲ್ಲಿ ಪ್ರಾಣಿಗಳಿಗೆ ಪ್ರವೇಶವಿಲ್ಲ ಎಂದು ಮೂಗೊರೆಸಿಕೊಳ್ಳುತ್ತ ಈ ಬೂದು ಬೆಕ್ಕನ್ನು ನನ್ನ ತೊಡೆಯ ಮೇಲಿಟ್ಟು ಹೋದೆ. “ಅಣ್ಣ, ಇವರಷ್ಟು ಸಾಧು ಜೀವ ಇನ್ನೊಂದಿಲ್ಲ” ಅಂದೆ. ಕನ್ನಡಕದ ಮೇಲಿಂದ ದಿಟ್ಟಿಸುವವರ ಹಾಗೆ ನೋಡುತ್ತಾರೆಂದು ಮೇಷ್ಟ್ರು ಎಂದು ಹೆಸರಿಟ್ಟವಳೂ ನೀನೇ. ಆ ಸಾಧು ಜೀವ ಒಂದೇ ತಿಂಗಳಲ್ಲಿ ನನ್ನ ನಾಲ್ಕು ಪಾರಿವಾಳಗಳಿಗೆ ಮೋಕ್ಷ ಕರುಣಿಸಿದೆ.

ನಮ್ಮ ಪಂದ್ಯದ ಕ್ರಮ ನಿನಗೆ ಗೊತ್ತೇ ಇದೆ. ಭಾನುವಾರ ಬೆಳಗ್ಗೆ ಸಂಘದ ಲಾರಿ ಹಕ್ಕಿಗಳನ್ನು ದೂರದ ಊರಲ್ಲಿ ಹಾರಿಬಿಡುತ್ತದೆ. ಅವು ಮನೆಗೆ ಬಂದಿಳಿದ ಹೊತ್ತನ್ನು ನಾವು ಪಂದ್ಯದ ಗಡಿಯಾರದಲ್ಲಿ ಒತ್ತುತ್ತೇವೆ. ಸೋಮವಾರ ಬೆಳಗ್ಗೆ ತಾರಸಿಗೆ ಹೋದರೆ ಗೂಡಿನ ಕೆಳಗೆ ಒಂದು ಹೆಣ. ಮೊದಲ ವಾರ ಬಿಳಿ ಕಾಲುಚೀಲ. ಎರಡನೆಯ ವಾರ ಚಿಕ್ಕತಾಯಿ. ಆಮೇಲೆ ಸೊಟ್ಟಮೂತಿ. ಇವತ್ತು ದೊರೆಸಾನಿ. ನಾಲ್ಕೂ ಆಯಾ ವಾರ ತಡವಾಗಿ ಬಂದವು, ದಣಿದವು, ಬೆಕ್ಕಿಗೆ ಸುಲಭದ ತುತ್ತು. ತುತ್ತು ಎಂದೆನಾದರೂ ತಿಂದಿಲ್ಲ. ಕೊಂದು, ನೀಟಾಗಿ ಮಲಗಿಸಿ ಹೋಗಿದ್ದಾರೆ. ಹಸಿವಿಗೆ ಕೊಂದರೆ ಕ್ಷಮಿಸಬಹುದು, ಇದು ಶೋಕಿ.

ಹಕ್ಕಿಗಳಿಗೆ ಹೆಸರಿಟ್ಟವಳು ನಿನ್ನ ಅತ್ತಿಗೆ. ಮದುವೆಯ ದಿನವೇ ಅವಳು ಹಾಕಿದ ಷರತ್ತು ನಿನಗೆ ನೆನಪಿರಬೇಕು. ಬೇರೆ ಪಂದ್ಯಗಾರರ ಹಾಗೆ ಸೋತ ಹಕ್ಕಿಯ ಕತ್ತು ಮುರಿಯುವ ಕೆಲಸ ಈ ಮನೆಯಲ್ಲಿ ನಡೆದರೆ ಅವತ್ತೇ ಪೆಟ್ಟಿಗೆ ಹಿಡಿದು ಹೊರಡುತ್ತೇನೆ ಅಂದಿದ್ದಳು. ಹನ್ನೊಂದು ವರ್ಷದಿಂದ ನಾನು ಉಳಿಸಿಕೊಂಡು ಬಂದ ಮಾತಿಗೆ ನಿನ್ನ ಬೆಕ್ಕು ಉಗುರು ಹಾಕಿದೆ. ಅವಳು ಊಟ ಬಿಟ್ಟು ಗೂಡಿನ ಮುಂದೆ ಕೂತಿದ್ದಾಳೆ.

ಹದಿನಾರನೆಯ ತಾರೀಖು ಭಾನುವಾರದೊಳಗೆ ಬಂದು ಮೇಷ್ಟ್ರನ್ನು ಕರೆದುಕೊಂಡು ಹೋಗು. ಇಲ್ಲವಾದರೆ ತಾರಸಿಯ ನೀರಿನ ಡ್ರಮ್ಮು ಇದೆ, ಗೋಣಿಚೀಲವೂ ಇದೆ. ತೀರ್ಪು ಓದಿಯಾಯಿತು.

ನಿನ್ನ ಅಣ್ಣ

•

ಮಾರ್ಚ್ 6, ಗುರುವಾರ

ಪೂಜ್ಯ ನ್ಯಾಯಾಧೀಶ ಅಣ್ಣನ ಪಾದಗಳಿಗೆ ಆರೋಪಿಯ ಪರ ವಕೀಲೆಯ ವಿಜ್ಞಾಪನೆ.

ದೂರು ಕೊಟ್ಟವನೂ ನೀನೇ, ವಿಚಾರಿಸಿದವನೂ ನೀನೇ, ಡ್ರಮ್ಮಿಗೆ ನೀರು ತುಂಬಿದವನೂ ನೀನೇ. ಇಷ್ಟು ಚುರುಕಾದ ನ್ಯಾಯಾಲಯವನ್ನು ನಾನು ಬೇರೆಲ್ಲೂ ಕಾಣೆ. ಸಾಕ್ಷಿ ಎಲ್ಲಿ? ಮೇಷ್ಟ್ರು ಕೊಂದದ್ದನ್ನು ಕಂಡವರು ಯಾರು? ಶೋಕಿಗೆ ಕೊಲ್ಲುವ ಬೆಕ್ಕು ಪ್ರತಿ ವಾರ ಪಂದ್ಯದ ಫಲಿತಾಂಶ ಬರುವವರೆಗೂ ಕಾಯುತ್ತದೆಯೇ?

ನಾನು ಬರಲಾರೆ. ತಿಂಗಳ ಕೊನೆಗೆ ಇಲ್ಲಿ ಹೊಸ ಪ್ರದರ್ಶನ ತೆರೆಯುತ್ತದೆ. ಹೆಸರು, “ಬೆಕ್ಕು ಮತ್ತು ಹಕ್ಕಿ: ಕಲೆಯಲ್ಲಿ, ಆಟದಲ್ಲಿ, ಮನೆಯಲ್ಲಿ.” ಹಳೆಯ ಚಿತ್ರಗಳು ಬಂದು ಗೋಡೆಗೆ ಒರಗಿವೆ. ಒಂದೊಂದರಲ್ಲೂ ಪಂಜರ, ಪಂಜರದ ಕೆಳಗೆ ಬೆಕ್ಕು, ಪಕ್ಕದಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ಪುಸ್ತಕ ಓದುತ್ತಿರುವ ಒಬ್ಬ ಹೆಂಗಸು. ಆಟದ ಕಪಾಟಿನಲ್ಲಿ ಒಂದು ಮರದ ಹಲಗೆ, ಒಂದು ಬೆಕ್ಕು, ಹನ್ನೆರಡು ಹಕ್ಕಿ. ಹಕ್ಕಿಗಳು ಬೆಕ್ಕನ್ನು ಮೂಲೆಗೆ ಕಟ್ಟಿಹಾಕಿದರೆ ಗೆದ್ದವು. ನಮ್ಮ ಕಾವಲುಗಾರ ದಿನಕ್ಕೆ ಎರಡು ಸಲ ನನ್ನನ್ನು ಸೋಲಿಸುತ್ತಾನೆ. ನಡುವಿನ ಕೋಣೆಯಲ್ಲಿ ಮಾತ್ರ ಗಾಜಿನ ಪೆಟ್ಟಿಗೆ. ಅದರೊಳಗೆ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ಹಿಡಿದ ಬೆಕ್ಕು ಇರಬೇಕು ಎಂದು ನಿರ್ದೇಶಕರ ಅಪ್ಪಣೆ. “ರಕ್ತ ಇರಲಿ, ಆದ್ರೆ ಮಕ್ಕಳು ಅಳುವಷ್ಟು ಬೇಡ” ಅಂದರು. ಎಷ್ಟು ರಕ್ತಕ್ಕೆ ಮಗು ಅಳುತ್ತದೆ ಎಂಬುದರ ಅಳತೆಯನ್ನು ಅವರು ಹೇಳಲಿಲ್ಲ.

ಬೆಕ್ಕು ಸಿದ್ಧವಿದೆ, ಹಳೆಯ ದಾಸ್ತಾನು. ಪಾರಿವಾಳ ಬೇಕು. ಆದ್ದರಿಂದ ನನ್ನ ಒಂದೇ ಕೋರಿಕೆ: ಮುಂದಿನ ಹೆಣವನ್ನು ಹೂಳಬೇಡ. ಉಪ್ಪು ಸವರಿ, ನಿನ್ನ ಕಾರ್ಖಾನೆಯ ರಟ್ಟಿನ ಡಬ್ಬದಲ್ಲಿಟ್ಟು ಕಳಿಸು. ಮೇಷ್ಟ್ರ ಹಲ್ಲಿನ ಗುರುತು ಕಂಡರೆ ನಾನೇ ತೀರ್ಪಿಗೆ ತಲೆಬಾಗುತ್ತೇನೆ. ಹಕ್ಕಿಯಂತೂ ವ್ಯರ್ಥವಾಗುವುದಿಲ್ಲ, ಗಾಜಿನೊಳಗೆ ನೂರು ವರ್ಷ ಬಾಳುತ್ತದೆ.

ಅತ್ತಿಗೆಗೆ ಊಟ ಮಾಡಲು ಹೇಳು. ನಾನು ಹೇಳಿದೆ ಎಂದು ಹೇಳು.

ತಂಗಿ

•

ಮಾರ್ಚ್ 10, ಸೋಮವಾರ

ತಂಗಿ,

ನಿನ್ನ ಕಾಗದವನ್ನು ಅಂಚೆಯವನ ಕೈಯಿಂದ ನಿನ್ನ ಅತ್ತಿಗೆಯೇ ತೆಗೆದುಕೊಂಡು ಓದಿಬಿಟ್ಟಳು. “ಕಳಿಸಿ ರೀ, ಸರಿಯಾಗಿ ಹೇಳ್ತಿದ್ದಾಳೆ. ನ್ಯಾಯ ಆಗ್ಲಿ” ಅಂದಳು. ಆದ್ದರಿಂದ ಕಳಿಸುತ್ತಿದ್ದೇನೆ. ಐದನೆಯವನು, ಹೆಸರು ಗುಮಾಸ್ತ. ನಿನ್ನೆ ಎರಡು ಗಂಟೆ ಹತ್ತು ನಿಮಿಷ ತಡವಾಗಿ ಬಂದ, ಇವತ್ತು ಬೆಳಗ್ಗೆ ಹೋದ. ಹಲ್ಲಿನ ಗುರುತು ಕೇಳಿದ್ದೆಯಲ್ಲ, ಕತ್ತಿನ ಹತ್ತಿರ ನೋಡು. ನಾಲ್ಕು ತೂತು ಸ್ಪಷ್ಟವಾಗಿವೆ.

ಈ ನಡುವೆ ಆರೋಪಿಯನ್ನು ಬಂಧಿಸಲು ನಡೆಸಿದ ಕಾರ್ಯಾಚರಣೆಯ ವರದಿ. ಶುಕ್ರವಾರ ಕಬ್ಬಿಣದ ಹಲ್ಲಿನ ಬೋನನ್ನು ತಂದು, ಮೀನಿನ ತಲೆ ಇಟ್ಟು, ಗೂಡಿನ ಹತ್ತಿರ ಒಡ್ಡಿದೆ. ಹತ್ತೇ ನಿಮಿಷದಲ್ಲಿ ಕಿರುಚಾಟ ಕೇಳಿಸಿತು. ಹೋಗಿ ನೋಡಿದರೆ ಕೆಳಗಿನ ಅಂಗಡಿಯ ದರ್ಜಿ. ಒಗೆದ ಬಟ್ಟೆ ಹರವಲು ಬಂದವನ ಪಾದ ಬೋನಿನೊಳಗೆ, ಬೋನಿನಾಚೆ ಗೋಡೆಯ ಮೇಲೆ ಮೇಷ್ಟ್ರು, ಅವರ ಬಾಯಲ್ಲಿ ಮೀನಿನ ತಲೆ.

“ಬೆಕ್ಕಿಗೆ ಇಟ್ಟಿದ್ದು ಕಣಯ್ಯಾ!” ಅಂದೆ.

“ಹಾಗಾದ್ರೆ ಇದೂ ಬೆಕ್ಕಿಗೇ ಅಂದ್ಕೋ!” ಅಂತ ಅಳತೆಕೋಲಿನಿಂದ ನನ್ನ ಕಿವಿಗೆ ಬಾರಿಸಿದ. ಕೋಲು ಮುರಿಯಿತು. ಮುರಿದ ತುಂಡಿನಿಂದ ಇನ್ನೊಂದು ಕಿವಿಗೆ ಬಾರಿಸಿದ. ನಾನು ಅವನ ಅಂಗಿ ಹರಿದೆ, ಅದು ಗಿರಾಕಿಯ ಅಂಗಿ. ಅವನ ಪಾದಕ್ಕೆ ಆರು ಹೊಲಿಗೆ ಬಿದ್ದವು. ವೈದ್ಯರ ಕೈಕೆಲಸ ನೋಡಲಾರದೆ ತಾನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದಿದ್ದನಂತೆ. ನನ್ನ ಎಡಗಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ.

ನಿನ್ನ ಅತ್ತಿಗೆ, “ಡ್ರಮ್ಮಿನ ಮಾತು ಇನ್ನೊಂದ್ಸಲ ಆಡ್ಬೇಡಿ. ಅವಳು ಬಂದು ಕರ್ಕೊಂಡು ಹೋಗ್ತಾಳೆ, ಅಲ್ಲೀವರೆಗೂ ಇರ್ಲಿ” ಅನ್ನುತ್ತಾಳೆ. ಹೆಂಗಸರ ಕರುಣೆಗೆ ಕಾನೂನಿನಲ್ಲಿ ಜಾಗವಿಲ್ಲ. ಹದಿನಾರು ಎಂದರೆ ಹದಿನಾರು.

ಅಣ್ಣ

•

ಮಾರ್ಚ್ 13, ಗುರುವಾರ

ಪ್ರೀತಿಯ ತಂಗಿ,

ನಾನು ಹೇಳುತ್ತಿದ್ದೇನೆ, ನಿನ್ನ ಅತ್ತಿಗೆ ಬರೆಯುತ್ತಿದ್ದಾಳೆ. ನಿನ್ನೆ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರಕ್ಕೆ ನನ್ನ ಬಲಗೈ ಸಿಕ್ಕಿತು. ಹೆದರುವಂಥದ್ದೇನಿಲ್ಲ. ಅರಿಸಿನ ಹಚ್ಚಿದೆ. ನಿನ್ನ ಮೇಷ್ಟ್ರು ನಿನ್ನೆಯಿಂದ ಕಾಣೆಯಾಗಿದ್ದಾರೆ. ಪಾಪಪ್ರಜ್ಞೆ ಕಾಡಿ ತಾವಾಗಿಯೇ ದೇಶಾಂತರ ಹೋಗಿರಬೇಕು. ಹೀಗಾಗಿ ಕೇಸು ಮುಗಿಯಿತು. ಗುಮಾಸ್ತನನ್ನು ಚೆನ್ನಾಗಿ ತುಂಬು, ಪರೀಕ್ಷೆ ಗಿರೀಕ್ಷೆ ಇನ್ನು ಬೇಡ.

ಇಲ್ಲಿಗೆ ಅವರು ಹೇಳಿದ್ದು ಮುಗಿಯಿತು, ಮುಂದಿನದು ನನ್ನದು. ನಿನ್ನ ಅಣ್ಣ ನಿದ್ದೆ ಹೋಗಿದ್ದಾರೆ, ಮೈ ಕೆಂಡ. ಯಂತ್ರ ಇವರನ್ನು ಹೇಗೆ ಕಚ್ಚಿತೋ ನನಗೆ ಅರ್ಥವಾಗಿಲ್ಲ. ಹೆಬ್ಬೆರಳ ಬುಡದಲ್ಲಿ ಮೇಲೆ ಎರಡು, ಕೆಳಗೆ ಎರಡು ತೂತು. ಸಣ್ಣವು, ಆಳವಾದವು, ಒಂದು ವಾರೆಯಾಗಿ ಹರಿದಿದೆ. ಮೊಣಕೈ ತನಕ ಬಾವು ಏರಿದೆ. ತಾರಸಿಯಲ್ಲಿ ಡ್ರಮ್ಮು ಮಗುಚಿಬಿದ್ದಿದೆ, ಗೋಣಿಚೀಲ ಕಾಣುತ್ತಿಲ್ಲ. ಕೇಳಿದರೆ ಗಾಳಿ ಅನ್ನುತ್ತಾರೆ. ನಿನ್ನೆ ಗಾಳಿಯೇ ಇರಲಿಲ್ಲ.

ದರ್ಜಿಯ ಜಗಳದಲ್ಲಿ ಬಿರುಕು ಬಿಟ್ಟಿದ್ದ ಅವರ ಕನ್ನಡಕವೂ ನಿನ್ನೆ ಪೂರ್ತಿ ಒಡೆದಿದೆ. ನೀನು ಬರೆದದ್ದನ್ನೆಲ್ಲ ಇನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆದ್ದರಿಂದ ಅಕ್ಷರ ಬಿಡಿಸಿ ಬರೆ.

ಅತ್ತಿಗೆ

•

ಮಾರ್ಚ್ 14, ಶುಕ್ರವಾರ

ಅಣ್ಣ,

ಇದನ್ನು ಅತ್ತಿಗೆಗೆ ತೋರಿಸಬೇಡ. ಓದಿ ಒಲೆಗೆ ಹಾಕು.

ಗುಮಾಸ್ತ ನಿನ್ನೆ ಬಂದ. ಮೇಜಿನ ಮೇಲೆ ಮಲಗಿಸಿ ಎದೆಯಿಂದ ಕೆಳಗೆ ಸೀಳಿದೆ, ಚರ್ಮವನ್ನು ಕೈಗವಸಿನ ಹಾಗೆ ಒಳಗು ಹೊರಗು ಮಾಡಿದೆ. ನೀನು ಹೇಳಿದ ನಾಲ್ಕು ತೂತುಗಳು ಸಿಕ್ಕವು. ಎಷ್ಟು ಅಚ್ಚುಕಟ್ಟು! ನಾಲ್ಕೂ ಒಂದೇ ದಪ್ಪ, ಒಂದೇ ಅಂತರ, ಒಂದೇ ಗೆರೆ. ಮೇಷ್ಟ್ರು ಅಳತೆಪಟ್ಟಿ ಇಟ್ಟುಕೊಂಡು ಕಚ್ಚುವುದಿಲ್ಲ ಅಣ್ಣ. ಅದು ರಟ್ಟಿಗೆ ತೂತು ಹಾಕುವ ನಿನ್ನ ದಬ್ಬಳ. ತೂತಿನ ಸುತ್ತ ಒಂದು ಹನಿ ರಕ್ತವೂ ಕಟ್ಟಿಲ್ಲ. ಸತ್ತ ಮೇಲೆ ಚುಚ್ಚಿದರೆ ಹಕ್ಕಿ ರಕ್ತ ಸುರಿಸುವುದಿಲ್ಲ. ಇಪ್ಪತ್ತು ವರ್ಷ ಪಾರಿವಾಳ ಸಾಕಿದವನಿಗೆ ಇದು ಗೊತ್ತಿಲ್ಲ, ಏಕೆಂದರೆ ಸತ್ತ ಮೇಲೆ ನೀನು ಯಾವತ್ತೂ ಅವುಗಳ ಕಡೆ ತಿರುಗಿ ನೋಡಿದವನಲ್ಲ.

ನಿಜವಾದ ಗುರುತು ಒಳಗಿತ್ತು. ತಲೆಬುರುಡೆಯ ಹಿಂದೆ ಎರಡು ಮೂಳೆಗಳು ಒಂದರಿಂದೊಂದು ಬಿಟ್ಟು ದೂರ ನಿಂತಿದ್ದವು, ನಡುವೆ ಹೆಬ್ಬೆರಳು ಹಿಡಿಸುವಷ್ಟು ಜಾಗ. ಅದು ಅಪ್ಪನ ಪಟ್ಟು. ಎರಡು ಬೆರಳ ಸಂದಿಯಲ್ಲಿ ಕತ್ತು, ಹೆಬ್ಬೆರಳು ಹಿಂದೆ, ಒಂದು ಎಳೆತ, ಅರ್ಧ ತಿರುವು.

ನೀರಿನ ತೊಟ್ಟಿಯ ಹಿಂದೆ ಅವನು ನಿನಗೆ ಅದನ್ನು ಕಲಿಸಿದ ದಿನ ನಾನೂ ಅಲ್ಲಿದ್ದೆ. ನಿನಗೆ ಹತ್ತು, ನನಗೆ ಏಳು. ಮೊದಲನೆಯದರ ಕತ್ತು ಎಳೆದು ನೀನು ವಾಂತಿ ಮಾಡಿಕೊಂಡೆ. ಅಪ್ಪ ಕಪಾಳಕ್ಕೆ ಹೊಡೆದು, ಬಾಯಿ ಒರೆಸಿ, ಇನ್ನೊಂದನ್ನು ಕೈಗೆ ಕೊಟ್ಟ. ಅವತ್ತು ಆರು ಹಕ್ಕಿ. ಆರನೆಯದಕ್ಕೆ ನಿನ್ನ ಕೈ ನಡುಗಲಿಲ್ಲ. “ಈಗ ನೋಡು, ಗಂಡಸಾದೆ” ಅಂದ. ನಾನು ಆ ಮನೆಯಲ್ಲಿ ಹೆಣ್ಣಾಗಿ ಹುಟ್ಟಿದ್ದಕ್ಕೆ ಸಂತೋಷಪಟ್ಟದ್ದು ಅದೊಂದೇ ಸಲ.

ಸಂಘದವರೆಲ್ಲ ಹೀಗೇ ಮಾಡುತ್ತಾರೆ, ನನಗೆ ಗೊತ್ತು. ನೀನು ಒಬ್ಬನೇ ಕೊಲೆಗಾರನಲ್ಲ. ಆದರೆ ಬೆಕ್ಕಿನ ಹೆಸರಲ್ಲಿ ಕೊಲ್ಲುವವನು ನೀನೊಬ್ಬನೇ ಇರಬೇಕು. ನಾನು ಅತ್ತಿಗೆಗೆ ಹೇಳುವುದಿಲ್ಲ. ನಿನ್ನ ಮನೆ ಒಡೆಯುವುದು ನನಗೆ ಬೇಡ. ಬದಲಿಗೆ ಒಂದು ಮಾತು ಕೊಡು: ಮೇಷ್ಟ್ರನ್ನು ಮುಟ್ಟಬೇಡ. ನಿಮ್ಮ ಪಂದ್ಯದ ಲಾರಿ ಈ ಕಡೆ ಬಂದಾಗ ಬುಟ್ಟಿಯಲ್ಲಿಟ್ಟು ಕಳಿಸು. ಹಾಸ್ಟೆಲಿನ ಮೇಲ್ವಿಚಾರಕಿಯ ಕಾಲು ಹಿಡಿಯುವುದು ನನ್ನ ಪಾಲಿಗಿರಲಿ.

ತಂಗಿ

•

ಮಾರ್ಚ್ 17, ಸೋಮವಾರ. ತುರ್ತು ಅಂಚೆ.

ಅತ್ತಿಗೆ,

ನಿಮ್ಮ ಕಾಗದ ಈಗ ತಾನೇ ಕೈಸೇರಿತು. ಎರಡು ವಿಷಯ.

ಮೊದಲನೆಯದು, ನಾನು ಹದಿನಾಲ್ಕರಂದು ಬರೆದ ಒಂದು ಲಕೋಟೆ ಬರುತ್ತದೆ. ಅದರಲ್ಲಿ ಹತ್ತಿ, ತಂತಿ, ಗಾಜಿನ ಕಣ್ಣು ಇಂಥ ನೀರಸ ವಿಚಾರಗಳಿವೆ. ಒಡೆಯುವ ಶ್ರಮ ಬೇಡ. ಅಣ್ಣನಿಗೆ ಹುಷಾರಾದ ಮೇಲೆ ಅವನೇ ಓದಿಕೊಳ್ಳಲಿ.

ಎರಡನೆಯದು. ಮೇಲೆ ಎರಡು, ಕೆಳಗೆ ಎರಡು ಹಲ್ಲಿರುವ ಯಂತ್ರ ನನಗೆ ಗೊತ್ತು. ಅದಕ್ಕೆ ಹಾಲು ಹಾಕಿ ಬೆಳೆಸಿದವಳು ನಾನೇ. ಅದು ಬೆಕ್ಕಿನ ಕಡಿತ ಅತ್ತಿಗೆ. ಅರಿಸಿನಕ್ಕೆ ಬಗ್ಗುವುದಲ್ಲ. ಒಳಗೊಳಗೇ ಕೀವಾಗಿ ಕೈಯನ್ನೇ ತಿಂದುಹಾಕುತ್ತದೆ. ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ಅನ್ನಬೇಡಿ. ಅಣ್ಣ ಏನೇ ಹೇಳಲಿ, ವೈದ್ಯರಿಗೆ ಬೆಕ್ಕು ಎಂದೇ ಹೇಳಿ.

ಅವನು ಬೈಯದೆ ಇರುವ ಹೊತ್ತಿನಲ್ಲಿ ಒಂದು ಮಾತು ಕೇಳಿ. ಮೇಷ್ಟ್ರು ಬದುಕಿದ್ದಾರೆಯೇ?

ನಿಮ್ಮ ನಾದಿನಿ

•

ಮಾರ್ಚ್ 20, ಗುರುವಾರ

ತಂಗಿ,

ಓದಬೇಡಿ ಎಂಬ ನಿನ್ನ ಕಾಗದ ನಿನ್ನೆ ಬಂತು. ಓದಬಾರದ ಕಾಗದ ಅದಕ್ಕಿಂತ ಎರಡು ದಿನ ಮೊದಲೇ ಬಂದಿತ್ತು. ನಿಮ್ಮ ಮನೆಯವರಿಗೆ ಹಕ್ಕಿ ಹಾರುವ ವೇಗ ಗೊತ್ತು, ಅಂಚೆಯದು ಗೊತ್ತಿಲ್ಲ.

ಸೋಮವಾರ ಮಧ್ಯಾಹ್ನ ಅವರ ಮಂಚದ ಪಕ್ಕ ಕೂತು ಓದಲು ಶುರು ಮಾಡಿದೆ. “ಇದನ್ನು ಅತ್ತಿಗೆಗೆ ತೋರಿಸಬೇಡ” ಎಂಬಲ್ಲಿಗೆ ನಿನ್ನ ಅಣ್ಣ, “ಸಾಕು, ಕೊಡು ಇಲ್ಲಿ” ಅಂದರು. “ನನಗೆ ತೋರಿಸ್ಬೇಡ ಅಂತ ಬರ್ದಿದ್ದಾಳೆ ರೀ, ಓದ್ಬೇಡ ಅಂತ ಬರ್ದಿಲ್ಲ” ಅಂದು ಮುಂದುವರಿಸಿದೆ. ದಬ್ಬಳದ ಮಾತು ಬಂದಾಗ ಅವರು ಹೊದಿಕೆ ಎಳೆದುಕೊಂಡರು. ತೊಟ್ಟಿಯ ಮಾತಿಗೆ ಹೊದಿಕೆ ಅಲ್ಲಾಡುತ್ತಿತ್ತು. ನಾನು ಕೊನೆಯ ಅಕ್ಷರದ ತನಕ ಓದಿದೆ.

ಆಮೇಲೆ ಸುತ್ತಿಗೆ ತೆಗೆದುಕೊಂಡು ತಾರಸಿಗೆ ಹೋದೆ. ಪಂದ್ಯದ ಗಡಿಯಾರವನ್ನು ನೆಲದ ಮೇಲಿಟ್ಟು ಒಡೆದೆ. ಮೊದಲು ಗಾಜು, ಆಮೇಲೆ ಮುಳ್ಳು, ಆಮೇಲೆ ಒಳಗಿನ ಹಲ್ಲುಚಕ್ರಗಳನ್ನು ಒಂದೊಂದಾಗಿ. ಅದು ಮುಗಿದ ಮೇಲೂ ತೋಳಲ್ಲಿ ಕಸುವು ಉಳಿದಿತ್ತು. ಹಾಗೇ ಕೆಳಗಿಳಿದು ನಿನ್ನ ಅಣ್ಣನ ಮುಂದೆ ನಿಂತೆ.

“ಹೊಡಿ” ಅಂದರು.

ಕೈ ಎತ್ತಿದೆ, ತಂಗಿ. ಸುಳ್ಳು ಹೇಳಲಾರೆ, ತಲೆಗೇ ಗುರಿ ಇಟ್ಟಿದ್ದೆ. ಆಗ ಹೊದಿಕೆ ಸರಿದು ಅವರ ಬಲಗೈ ಕಂಡಿತು. ಬದನೆಕಾಯಿ ಬಣ್ಣ, ಬೆರಳುಗಳು ಊದಿ ಒಂದಕ್ಕೊಂದು ಅಂಟಿದ್ದವು, ಕೊಳೆತ ವಾಸನೆ. ಹೊಡೆಯಲು ಜಾಗವೇ ಉಳಿದಿರಲಿಲ್ಲ. ಸುತ್ತಿಗೆ ಇಟ್ಟು ಗಾಡಿ ಕರೆದೆ.

ವೈದ್ಯರು, “ಇನ್ನೊಂದು ದಿನ ಬಿಟ್ಟಿದ್ರೆ ಮೊಣಕೈಗೇ ಕತ್ತರಿ ಹಾಕ್ಬೇಕಿತ್ತು” ಅಂದರು. ಹೆಬ್ಬೆರಳನ್ನು ಮಾತ್ರ ಕತ್ತರಿಸಿದರು. ಒಳಗೆ ಮುರಿದ ಹಲ್ಲೊಂದು ಸಿಕ್ಕಿತಂತೆ. “ಯಾವ ಯಂತ್ರ ರೀ ಇದು?” ಎಂದು ಕೇಳಿದರು. ಮೇಷ್ಟ್ರು ಅಂದೆ.

ನಿನ್ನ ಅಣ್ಣನನ್ನು ಕೇಳಿದೆ, ಯಾಕೆ ಅಂತ. “ಸೋತ ಹಕ್ಕಿಗೆ ಕಾಳು ಹಾಕ್ತಾನೆ ಅಂತ ಸಂಘದಲ್ಲಿ ನಗ್ತಿದ್ರು ಕಣೇ” ಅಂದರು. ಅವರು ನಗಬಾರದು ಎಂದು ಐದು ಕತ್ತು. ನಾನು ಅಳಬಾರದು ಎಂದು ಒಂದು ಬೆಕ್ಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಂಗಳವಾರ ಆಸ್ಪತ್ರೆಯಿಂದ ಮನೆಗೆ ಬಂದಾಗ ದರ್ಜಿ ಕುಂಟುತ್ತ ಎದುರಾದ. “ಅಕ್ಕಾ, ನಿಮ್ಮ ಬೆಕ್ಕು ನನ್ನ ಹೊಲಿಗೆ ಮಿಷನ್ನಿನ ಕೆಳಗಿದೆ. ಕುತ್ತಿಗೇಲಿ ಗೋಣಿಚೀಲ ಸಿಕ್ಕಿಸ್ಕೊಂಡೇ ಬಿತ್ತು ಮೇಲಿಂದ. ನಿಮ್ಮೆಜಮಾನ್ರು ಮನೇಲಿರೋ ತನಕ ಕೊಡಬಾರ್ದು ಅಂತ ಇಟ್ಕೊಂಡಿದ್ದೆ” ಅಂದ. ಒಂದು ಕಿವಿ ಅರ್ಧ ಹರಿದಿದೆ, ಹಿಂಗಾಲು ಮುರಿದಿದೆ, ಒಂದು ಕೋರೆಹಲ್ಲಿಲ್ಲ. ದರ್ಜಿ ಕಿವಿಗೆ ಹೊಲಿಗೆ ಹಾಕಿದ್ದಾನೆ, ಸಣ್ಣ ಟಾಕಾ, ಬೂದು ದಾರ. ಮೇಷ್ಟ್ರು ಬದುಕಿದ್ದಾರೆ. ಈಗಲೂ ಕನ್ನಡಕದ ಮೇಲಿಂದಲೇ ನೋಡುತ್ತಾರೆ.

ಶನಿವಾರ ಅವರನ್ನು ಬುಟ್ಟಿಯಲ್ಲಿಟ್ಟುಕೊಂಡು ಬರುತ್ತಿದ್ದೇನೆ, ನನ್ನ ಪೆಟ್ಟಿಗೆಯೂ ಜೊತೆಗಿರುತ್ತದೆ. ಪ್ರಾಣಿಗಳಿಗೆ ಪ್ರವೇಶವಿಲ್ಲ ಅಂದರೆ ನಾವಿಬ್ಬರೂ ಗೇಟಿನ ಹೊರಗೆ ಕೂರುತ್ತೇವೆ.

ಹಕ್ಕಿಗಳನ್ನು ತರಲಾರೆ. ಎಲ್ಲಿ ತೆರೆದು ಬಿಟ್ಟರೂ ಅವು ಹಾರಿ ಆ ಮನುಷ್ಯನ ತಾರಸಿಗೇ ಹೋಗಿ ಇಳಿಯುತ್ತವೆ. ಬೇರೆ ಏನನ್ನೂ ನಾವು ಅವಕ್ಕೆ ಕಲಿಸಲಿಲ್ಲ. ಹೆಬ್ಬೆರಳಿಲ್ಲದವನ ಹತ್ತಿರ ಬಿಟ್ಟುಬರಬಹುದು ಎಂದುಕೊಂಡಿದ್ದೇನೆ.

ಅತ್ತಿಗೆ

•

ಮಾರ್ಚ್ 25, ಮಂಗಳವಾರ

ಅಣ್ಣ,

ಅತ್ತಿಗೆ ಬಂದು ತಲುಪಿದ್ದಾರೆ. ನಿನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ, ನಿನ್ನ ಹೆಸರೇ ಎತ್ತಿಲ್ಲ. ಅದು ಕೂಗಿಗಿಂತ ಕೆಟ್ಟದ್ದು. ಮೇಲ್ವಿಚಾರಕಿ ಬುಟ್ಟಿಯ ಮುಚ್ಚಳ ತೆಗೆದು, ಹರಿದ ಕಿವಿ ನೋಡಿ, “ಇದು ವಸ್ತುಸಂಗ್ರಹಾಲಯದ್ದೇನ್ರಿ?” ಎಂದು ಕೇಳಿದರು. ಹೌದು ಅಂದೆ. ಹೀಗಾಗಿ ಮೇಷ್ಟ್ರು ಸರ್ಕಾರಿ ದಾಖಲೆಯಲ್ಲಿ ಸತ್ತಿದ್ದಾರೆ, ನನ್ನ ಮಂಚದ ಕೆಳಗೆ ಹಾಲು ಕುಡಿಯುತ್ತಿದ್ದಾರೆ.

ಗುಮಾಸ್ತನನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಕ್ಕಿನ ಬಾಯಿಗೆ ಇಡಬೇಕಿತ್ತು. ನನ್ನಿಂದಾಗಲಿಲ್ಲ. ರೆಂಬೆಯ ಮೇಲೆ ಕೂರಿಸಿದೆ, ಬೆಕ್ಕನ್ನು ದೂರ ಮಲಗಿಸಿದೆ. ನಿರ್ದೇಶಕರು “ರಕ್ತ ಎಲ್ಲಿ?” ಅಂದರು. ನಮ್ಮ ಮನೆಯಲ್ಲಿದೆ ಸಾರ್ ಅಂದೆ. ಅವರು ನಕ್ಕರು.

ಅತ್ತಿಗೆ ನಿನ್ನೆ ಸಂಜೆ ಒಂದೇ ಮಾತು ಕೇಳಿದರು. “ಹಕ್ಕಿಗಳಿಗೆ ಯಾರು ಕಾಳು ಹಾಕ್ತಿದ್ದಾರೆ?” ಗೊತ್ತಿಲ್ಲ ಅಂದೆ. ನೀನೇ ಬರೆ.

ತಂಗಿ

•

ಮಾರ್ಚ್ 31, ಸೋಮವಾರ

ತಂಗಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಕಾಳು ನಾನೇ ಹಾಕುತ್ತಿದ್ದೇನೆ. ಆಸ್ಪತ್ರೆಯಲ್ಲಿದ್ದಾಗ ದರ್ಜಿ ಹಾಕಿದ್ದಾನೆ, ಕೇಳದೆಯೇ.

ಸಂಘದಿಂದ ಹೆಸರು ತೆಗೆಸಿದೆ. ಆದರೆ ಒಂಬತ್ತನೇ ತಾರೀಖಿನ ಪಂದ್ಯಕ್ಕೆ ಹೋಗಿದ್ದ ಒಂದು ಹಕ್ಕಿ ಬಂದಿರಲಿಲ್ಲ. ಸತ್ತಿತು ಎಂದುಕೊಂಡಿದ್ದೆ, ನಿನ್ನ ಅತ್ತಿಗೆ ಕೇಳಿದಾಗ ಮಾತ್ರ ಇಂದಲ್ಲ ನಾಳೆ ಬರುತ್ತದೆ ಅಂದಿದ್ದೆ. ಅವಳ ಕೈಯಿಂದಲೇ ತಿನ್ನುತ್ತಿದ್ದ ಚುಕ್ಕಿ. ನಿನ್ನೆ ಮಧ್ಯಾಹ್ನ ಬಂದಳು. ಮೂರು ವಾರ ತಡ. ಹಾರಿಕೊಂಡಲ್ಲ, ಗೋಡೆಯಿಂದ ಗೋಡೆಗೆ ಬಿದ್ದು ಎದ್ದು. ಗಿಡುಗ ಹೊಡೆದಿತ್ತು. ಒಂದು ರೆಕ್ಕೆ ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು, ಎದೆ ತೆರೆದು ಒಳಗಿನದು ಕಾಣುತ್ತಿತ್ತು, ಗಾಯದ ತುಂಬ ಹುಳ. ನೀರು ಕೊಟ್ಟರೆ ನೀರು ಎದೆಯಿಂದ ಹೊರಗೆ ಬಂತು. ಬೆಳಗಿನ ತನಕ ಸಾಯಲಿಲ್ಲ.

ದರ್ಜಿಯನ್ನು ಕೂಗಿದೆ. ಬಂದು ನೋಡಿ, “ಕತ್ತರಿ ತರ್ಲಾ?” ಅಂದ. ಬೇಡ, ಇದು ನನ್ನ ಕೆಲಸ ಅಂದೆ. ಅವನು ಮುಖ ತಿರುಗಿಸಿ ನಿಂತ.

ಅಪ್ಪನ ಪಟ್ಟು ಎಡಗೈಗೆ ಬರಲಿಲ್ಲ. ಮೊದಲ ಸಲ ಜಾರಿತು. ಎರಡನೆಯ ಸಲ ತಿರುಗಿತು, ಮುರಿಯಲಿಲ್ಲ. ಅವಳು ನನ್ನನ್ನು ನೋಡುತ್ತಲೇ ಇದ್ದಳು, ಕೈ ಕುಕ್ಕಲಿಲ್ಲ, ಬಿಡಿಸಿಕೊಳ್ಳಲಿಲ್ಲ. ಮನೆಗೆ ಬಂದು ಮುಟ್ಟಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮೂರನೆಯ ಸಲಕ್ಕೆ ಆಯಿತು. ತುಂಬ ಹೊತ್ತು ಹಿಡಿಯಿತು, ತಂಗಿ. ಇಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಬಟ್ಟೆಯಲ್ಲಿ ಸುತ್ತುವ ಮುಂಚೆ ಬಹಳ ಹೊತ್ತು ಅವಳನ್ನು ನೋಡಿದೆ.

ನಿನ್ನ ಅತ್ತಿಗೆಗೆ ಇದನ್ನು ಓದಿ ಹೇಳು. ಅವಳು ಕೇಳಲೊಲ್ಲೆ ಅಂದರೂ ಓದು. ಗಿಡುಗದ ಮೇಲೆ ಹಾಕಿ ಬರೆಯಬಹುದಿತ್ತು, ಅರ್ಧ ಬರೆದಿದ್ದೆ, ಹರಿದೆ. ಚುಕ್ಕಿ ಇವತ್ತು ಬೆಳಗ್ಗೆ ಏಳೂಕಾಲಿಗೆ ಸತ್ತಳು. ಮನೆಯಲ್ಲಿ ಬೆಕ್ಕಿರಲಿಲ್ಲ. ಕೊಂದದ್ದು ನಾನು.

ಅಣ್ಣ